ಉಂಗುರ ಬೆರಳು ನೋಯುತ್ತಿದೆ, ಹಂಪಿಗೆ ಟಿಕೆಟ್ ಆಗಿದೆ: ಹೋಗಲೋ ಬೇಡವೋ?

ಧಾರವಾಡದವನು, ಪುಣೆ (ನವೆಂಬರ್ 22, ರಾತ್ರಿ 10.40)

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷಗಳಿಂದ ಕೋಥ್ರೂಡಿನಲ್ಲಿದ್ದೇನೆ, ವಯಸ್ಸು 34. ನಾವು ಆರು ಜನ ಗೆಳೆಯರು. ನಾಲ್ವರು ಕನ್ನಡದವರು, ಇಬ್ಬರು ಮರಾಠಿಯವರು. ತಿಂಗಳಲ್ಲಿ ಎರಡು ವಾರಾಂತ್ಯ ಬೌಲ್ಡರಿಂಗ್‌ಗೆ ಹೋಗುತ್ತೇವೆ. ಹಗ್ಗ ಬಳಸುವುದಿಲ್ಲ. ಎರಡಾಳೆತ್ತರದ ಬಂಡೆಗುಂಡು, ಕೆಳಗೆ ಬಿದ್ದರೆ ತಡೆಯುವ ದಪ್ಪ ಹಾಸು (ಕ್ರ್ಯಾಶ್ ಪ್ಯಾಡ್), ಹಿಂದೆ ಕೈಚಾಚಿ ನಿಂತ ಗೆಳೆಯ, ಇಷ್ಟೇ ನಮ್ಮ ಸರಂಜಾಮು. ಬುತ್ತಿಗೆ ಚಪಾತಿ, ಶೇಂಗಾ ಚಟ್ನಿ. ಈ ಎರಡು ದಿನಗಳಿಗಾಗಿ ಉಳಿದ ದಿನಗಳನ್ನು ಕಳೆಯುತ್ತೇನೆ ಎಂದರೂ ತಪ್ಪಿಲ್ಲ.

ಮೂರು ವಾರಗಳ ಹಿಂದೆ ನಸುಕಿನಲ್ಲಿ ಪುಣೆ ಬಿಟ್ಟು ನವಿ ಮುಂಬೈಯ ಬೇಲಾಪುರದ ಗುಡ್ಡಕ್ಕೆ ಹೋಗಿದ್ದೆವು. ಕಾರಿನಿಂದ ಇಳಿದವನೇ, ಕಳೆದ ಸಲ ನನ್ನನ್ನು ಮೂರು ಬಾರಿ ಬೀಳಿಸಿದ್ದ ಬಂಡೆಗೆ ಕೈ ಹಾಕಿದೆ. ಎಡಗೈಯಲ್ಲಿ ಬೆರಳ ತುದಿ ಮಾತ್ರ ಕೂರುವಂಥ ಅಂಚನ್ನು ಕ್ರಿಂಪ್ ಮಾಡಿ, ಅಂದರೆ ಬೆರಳು ಮಡಿಸಿ ತುದಿಯನ್ನಷ್ಟೇ ಒತ್ತಿ, ಹಿಡಿದಿದ್ದಾಗ ಬಲಗಾಲು ಜಾರಿತು. ಮೈಭಾರವೆಲ್ಲ ಒಮ್ಮೆಲೇ ಆ ಕೈಗೆ ಬಂತು. ನೆಟಿಗೆ ಮುರಿದಂಥ ಸದ್ದೊಂದು ಉಂಗುರ ಬೆರಳಿನಿಂದ ಬಂತು. ಯಾರಿಗೂ ಹೇಳಲಿಲ್ಲ. ಟೇಪ್ ಸುತ್ತಿಕೊಂಡು ಮತ್ತೆರಡು ಬಂಡೆ ಹತ್ತಿದೆ.

ಈಗ ಬೆರಳಿನ ಬುಡದಲ್ಲಿ, ಅಂಗೈ ಕಡೆಗೆ, ಒತ್ತಿದರೆ ನೋವು. ಬೈಕಿನ ಕ್ಲಚ್ ಹಿಡಿಯುವಾಗ ನೋವು. ಬೆಳಿಗ್ಗೆ ಮುಷ್ಟಿ ಪೂರ್ತಿ ಕಟ್ಟಲಾಗುವುದಿಲ್ಲ. ಡಿಸೆಂಬರ್ 24ಕ್ಕೆ ಹೊಸಪೇಟೆಗೆ ಆರೂ ಜನರ ರೈಲು ಟಿಕೆಟ್ ಆಗಿದೆ. ಒಂದು ವರ್ಷದಿಂದ ಕಾದಿದ್ದ ಪ್ರವಾಸವಿದು. ಗೆಳೆಯರು ಕೇಳಿದಾಗಲೆಲ್ಲ ‘ಚೆನ್ನಾಗಿದೆ’ ಎನ್ನುತ್ತಿದ್ದೇನೆ. ಈ ಗಾಯವನ್ನು ಅನುಭವಿಸಿದವರು ದಯವಿಟ್ಟು ಹೇಳಿ: ಹೋಗಲೋ ಬೇಡವೋ?

ಕೈ ಚಿಕಿತ್ಸಕಿ, ಠಾಣೆ (ನವೆಂಬರ್ 23, ಬೆಳಿಗ್ಗೆ 7.15)

ನಾನು ಫಿಸಿಯೋಥೆರಪಿಸ್ಟ್, ಕೈ, ಮಣಿಕಟ್ಟಿನ ಗಾಯಗಳನ್ನೇ ಹೆಚ್ಚಾಗಿ ನೋಡುತ್ತೇನೆ. ನೋಡದೆ ರೋಗ ಹೇಳುವುದು ಸರಿಯಲ್ಲ. ಆದರೆ ಉಂಗುರ ಬೆರಳು, ಕ್ರಿಂಪ್, ಕಾಲು ಜಾರಿದ್ದು, ಸದ್ದು, ಬುಡದಲ್ಲಿ ನೋವು, ಈ ಐದೂ ಒಟ್ಟಿಗೆ ಬಂದಾಗ ಮೊದಲ ಅನುಮಾನ ಎ2 ಪುಲ್ಲಿಯ ಮೇಲೆ.

ಬೆರಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಬೆರಳಿನಲ್ಲಿಲ್ಲ. ಮೊಣಕೈಗೂ ಮಣಿಕಟ್ಟಿಗೂ ನಡುವೆ ಇವೆ. ಅಲ್ಲಿಂದ ಸ್ನಾಯುರಜ್ಜು ಅಂಗೈ ದಾಟಿ ಬೆರಳ ತುದಿಯವರೆಗೆ ಹೋಗುತ್ತದೆ. ಪ್ಯಾಂಟಿನ ಕುಣಿಕೆಗಳು ಬೆಲ್ಟನ್ನು ಸೊಂಟಕ್ಕೆ ಹೊಂದಿಸಿ ಹಿಡಿಯುವಂತೆ, ಈ ರಜ್ಜುವನ್ನು ಮೂಳೆಗೆ ಹೊಂದಿಸಿ ಹಿಡಿಯುವ ಪಟ್ಟಿಗಳಿಗೆ ಪುಲ್ಲಿ ಎನ್ನುತ್ತೇವೆ. ಹೆಬ್ಬೆರಳು ಬಿಟ್ಟು ಪ್ರತಿ ಬೆರಳಿಗೂ ಎ1ರಿಂದ ಎ5ರವರೆಗೆ ಐದು. ಬುಡದ ಮೂಳೆಯ ಮೇಲಿರುವ ಎ2 ಮತ್ತು ನಡುವಿನ ಮೂಳೆಯ ಮೇಲಿರುವ ಎ4 ಮುಖ್ಯವಾದವು. ಕ್ರಿಂಪ್ ಮಾಡಿದಾಗ ನಡುಗೆಣ್ಣು ಚೂಪಾಗಿ ಮಡಿಯುತ್ತದೆ, ತುದಿಗೆಣ್ಣು ಹಿಂದಕ್ಕೆ ಬಾಗುತ್ತದೆ. ರಜ್ಜು ಮೂಳೆಯಿಂದ ಎದ್ದು ಬರಲು ನೋಡುತ್ತದೆ. ಅದನ್ನು ತಡೆಯುವ ಹೊರೆ ಎ2 ಮೇಲೆ ಬೀಳುತ್ತದೆ. ಬೆರಳನ್ನು ಹೆಚ್ಚು ಮಡಿಸದೆ ತೆರೆದ ಕೈಯಲ್ಲಿ ಹಿಡಿದರೆ ಈ ಹೊರೆ ಎಷ್ಟೋ ಪಟ್ಟು ಕಡಿಮೆ.

ಈಗ ಮಾಡಬೇಕಾದ ಕೆಲಸ ಅಲ್ಟ್ರಾಸೌಂಡ್. ಸುಮ್ಮನೆ ಚಾಚಿದ ಬೆರಳಿನ ಚಿತ್ರ ಸಾಲದು. ಬೆರಳನ್ನು ಮಡಿಸಿ, ತುದಿಗೆ ಒತ್ತಡ ಕೊಟ್ಟು, ರಜ್ಜು ಮೂಳೆಯಿಂದ ಎಷ್ಟು ದೂರ ಸರಿಯುತ್ತದೆ ಎಂದು ಅಳೆಯಬೇಕು. ಕೈಯ ಗಾಯಗಳನ್ನು ಬಲ್ಲ ವೈದ್ಯರಿಂದಲೇ ಚೀಟಿ ಬರೆಸಿಕೊಳ್ಳಿ. ಪಟ್ಟಿ ಬರೀ ಉಳುಕಿದ್ದರೆ ಕೆಲವು ವಾರಗಳ ಮಾತು. ಎ2 ಪೂರ್ತಿ ಹರಿದಿದ್ದರೂ, ಅದೊಂದೇ ಆಗಿದ್ದರೆ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಉಂಗುರದಂಥ ಸ್ಪ್ಲಿಂಟ್ ಹಾಕಿ ಆರರಿಂದ ಎಂಟು ವಾರ ಕಾಪಾಡುತ್ತೇವೆ, ಆಮೇಲೆ ತಿಂಗಳುಗಟ್ಟಲೆ ಮೆಲ್ಲನೆ ಭಾರ ಏರಿಸುತ್ತೇವೆ. ಹಲವು ಪುಲ್ಲಿಗಳು ಒಟ್ಟಿಗೆ ಹರಿದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಇವತ್ತೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಬಲಗೈಯಿಂದ ಆ ಬೆರಳಿನ ನಡುವಿನ ಮೂಳೆಯನ್ನು ಅಲುಗದಂತೆ ಹಿಡಿದು ತುದಿಗೆಣ್ಣನ್ನು ಮಾತ್ರ ಮಡಿಸಿ. ಮಡಿಯುತ್ತಲೇ ಇಲ್ಲವಾದರೆ ರಜ್ಜುವೇ ಕಿತ್ತು ಬಂದಿರಬಹುದು. ಅದು ದಿನಗಳ ಲೆಕ್ಕದ ತುರ್ತು, ನೀವು ಈಗಾಗಲೇ ಮೂರು ವಾರ ಕಳೆದಿದ್ದೀರಿ. ಮಡಿದರೆ ಇಲ್ಲಿ ಬರೆಯಿರಿ.

ಧಾರವಾಡದವನು, ಪುಣೆ (ನವೆಂಬರ್ 23, ಬೆಳಿಗ್ಗೆ 7.50)

ಮಡಿಯುತ್ತದೆ ಮೇಡಂ. ನೋವಿದೆ, ಆದರೆ ಮಡಿಯುತ್ತದೆ. ವೈದ್ಯರ ಭೇಟಿಗೆ ಸಮಯ ಕೇಳುತ್ತಿದ್ದೇನೆ.

ಡೊಂಬಿವಲಿ ಅಕ್ಕ (ನವೆಂಬರ್ 23, ಮಧ್ಯಾಹ್ನ 1.30)

ತಮ್ಮಾ, ನಿನಗಿಂತ ಹದಿಮೂರು ವರ್ಷ ದೊಡ್ಡವಳು, ಹಾಗಾಗಿ ಏಕವಚನ. ಇಪ್ಪತ್ತು ವರ್ಷಗಳಿಂದ ಮುಂಬ್ರಾ, ಬೇಲಾಪುರ ಬಂಡೆಗಳನ್ನು ಹತ್ತುತ್ತಿದ್ದೇನೆ. ಎರಡೂ ಕೈಯ ಉಂಗುರ ಬೆರಳುಗಳನ್ನು ಬೇರೆ ಬೇರೆ ವರ್ಷ ಗಾಯ ಮಾಡಿಕೊಂಡವಳು. ಎರಡು ಸಲವೂ ಶನಿವಾರ. ಎರಡು ಸಲವೂ ಬೆಳಗಿನ ಮೊದಲ ಒಂದು ಗಂಟೆಯೊಳಗೆ.

ನಿನ್ನ ಬರಹದಲ್ಲಿ ನನಗೆ ಚುಚ್ಚಿದ್ದು ಆ ಸದ್ದಲ್ಲ, ‘ಕಾರಿನಿಂದ ಇಳಿದವನೇ’ ಎಂಬ ಮಾತು. ನಾವು ವಾರಾಂತ್ಯದವರು. ಸೋಮವಾರದಿಂದ ಶುಕ್ರವಾರದವರೆಗೆ ಬೆರಳು ಕೀಲಿಮಣೆ ಬಿಟ್ಟು ಬೇರೇನನ್ನೂ ಒತ್ತುವುದಿಲ್ಲ. ಶುಕ್ರವಾರ ತಡರಾತ್ರಿಯವರೆಗೆ ಕೆಲಸ, ಅರೆನಿದ್ದೆ, ಮೂರು ಗಂಟೆ ಪ್ರಯಾಣ, ಆಮೇಲೆ ತಣ್ಣಗಿನ ಬೆರಳಿಗೆ ಅತಿ ಕಷ್ಟದ ಹಿಡಿತ. ಸ್ನಾಯು ಕೆಲವೇ ತಿಂಗಳಲ್ಲಿ ಬಲಗೊಳ್ಳುತ್ತದೆ. ರಜ್ಜು, ಪುಲ್ಲಿಗಳು ಬಲಗೊಳ್ಳಲು ವರ್ಷಗಳು ಬೇಕು. ತೋಳು ಎಳೆಯುವಷ್ಟನ್ನು ಬೆರಳು ತಾಳುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ದುಡಿಯುವ ಬೆರಳು ಎಷ್ಟನ್ನೋ ಸಹಿಸುತ್ತದೆ. ಐದು ದಿನ ಮಲಗಿಸಿ ಆರನೆಯ ದಿನ ಎಬ್ಬಿಸಿ ಓಡಿಸಿದರೆ ಹೀಗಾಗುತ್ತದೆ.

2016ರ ಮೇ ತಿಂಗಳಲ್ಲಿ ನವಿ ಮುಂಬೈಯಲ್ಲಿ ಬೌಲ್ಡರಿಂಗ್ ವಿಶ್ವಕಪ್ ನಡೆಯಿತು. ಗಿರಿವಿಹಾರ ಪರ್ವತಾರೋಹಣ ಸಂಸ್ಥೆಯವರ ದುಡಿಮೆಯಿಂದ ನಮ್ಮ ಊರಿಗೆ ಬಂದ ಭಾಗ್ಯ ಅದು. 2017ರಲ್ಲಿ ಮತ್ತೊಮ್ಮೆ ನಡೆಯಿತು. ಹೋಗಿ ನೋಡಿದೆ. ಅರ್ಹತಾ ಸುತ್ತಿನಲ್ಲಿ ಒಂದು ಪ್ರಾಬ್ಲಮ್‌ಗೆ (ಹತ್ತಬೇಕಾದ ಒಂದು ದಾರಿಗೆ) ಐದು ನಿಮಿಷ, ಆಮೇಲೆ ಐದು ನಿಮಿಷ ಕಡ್ಡಾಯ ವಿಶ್ರಾಂತಿ. ಜಗತ್ತಿನ ಅತ್ಯುತ್ತಮ ಬೆರಳುಗಳಿಗೇ ಅಷ್ಟು ವಿರಾಮ. ನಾವಾದರೋ ಬಿದ್ದ ಅರ್ಧ ನಿಮಿಷಕ್ಕೆ ಕೈಗೆ ಚಾಕ್ ಪುಡಿ ಹಚ್ಚಿಕೊಂಡು ‘ಇನ್ನೊಂದೇ ಸಲ’ ಎನ್ನುತ್ತೇವೆ. ಅವತ್ತಿನಿಂದ ಗಡಿಯಾರ ನೋಡಿಕೊಂಡು ಹತ್ತುತ್ತೇನೆ.

ಹಂಪಿಗೆ ಹೋಗು. ಆದರೆ ಗೆಳೆಯರಿಗೆ ಹೇಳದೆ ಹೋಗಬೇಡ. ಹೇಳದೆ ಹೋದವನು ಅಲ್ಲಿ ಹತ್ತಿಯೇ ಹತ್ತುತ್ತಾನೆ.

ಚಿಂಚವಡದ ಓದುಗ (ನವೆಂಬರ್ 23, ಸಂಜೆ 6.05)

ಅಕ್ಕನವರ ಮಾತನ್ನು ನಾನು ಒಪ್ಪುವುದಿಲ್ಲ. ಹುಷಾರಾಗದ ಬೆರಳನ್ನು ಹಂಪಿಯ ಬಂಡೆಗಳ ನಡುವೆ ಒಯ್ಯುವುದು ಸರಿಯಲ್ಲ. ಅಲ್ಲಿ ಹೋಗಿ ಕೈಕಟ್ಟಿ ಕೂರುವ ಮನಸ್ಸು ಯಾರಿಗಿದೆ? ನಾನು ಎರಡು ವರ್ಷಗಳ ಹಿಂದೆ ಇದೇ ಎ2 ಗಾಯದೊಂದಿಗೆ ತಾಮ್ಹಿಣಿ ಕಡೆಗೆ ಗೆಳೆಯರ ಜತೆ ‘ನೋಡಲು ಮಾತ್ರ’ ಹೋದೆ. ಮಧ್ಯಾಹ್ನದ ಹೊತ್ತಿಗೆ ಶೂ ಕಟ್ಟಿದ್ದೆ. ಹೊರಡುವ ಮುಂಚೆ ನೋವಿನ ಮಾತ್ರೆ ಬೇರೆ ನುಂಗಿದ್ದೆ. ಆರು ವಾರದಲ್ಲಿ ಮುಗಿಯಬೇಕಾದದ್ದು ಎಂಟು ತಿಂಗಳಾಯಿತು. ಈಗಲೂ ಆ ಬೆರಳಿನ ನಡುಗೆಣ್ಣು ಪೂರ್ತಿ ನೆಟ್ಟಗಾಗುವುದಿಲ್ಲ. ಟಿಕೆಟ್ ರದ್ದು ಮಾಡಿ, ಮೂರು ತಿಂಗಳು ಬೆರಳನ್ನು ಅಲುಗಿಸದೆ ಮನೆಯಲ್ಲಿರಿ. ಕೈ ಮುಗಿದು ಹೇಳುತ್ತಿದ್ದೇನೆ.

ಕೈ ಚಿಕಿತ್ಸಕಿ, ಠಾಣೆ (ನವೆಂಬರ್ 23, ರಾತ್ರಿ 9.20)

ಚಿಂಚವಡದವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಮಾತ್ರೆಯ ವಿಷಯವನ್ನು ಎಲ್ಲರೂ ನೆನಪಿಡಬೇಕು: ನೋವೇ ನಿಮಗಿರುವ ಅಳತೆಗೋಲು, ಅದನ್ನು ಮಾತ್ರೆಯಿಂದ ಮುಚ್ಚಿ ಬಂಡೆ ಮುಟ್ಟಬಾರದು. ಆದರೆ ‘ಮೂರು ತಿಂಗಳು ಅಲುಗಿಸದೆ’ ಎಂಬುದನ್ನು ಒಪ್ಪಲಾರೆ. ಮೊದಲ ಕೆಲವು ದಿನಗಳ ನಂತರ ಗಾಯವಾದ ಅಂಗಾಂಶಕ್ಕೆ ಅಳತೆಯಲ್ಲಿ ಎಳೆತ ಬೇಕು. ಎಳೆತವಿಲ್ಲದೆ ಕೂಡಿಕೊಂಡದ್ದು ಗಟ್ಟಿಯಾಗುವುದಿಲ್ಲ, ಗೆಣ್ಣೂ ಬಿಗಿಯುತ್ತದೆ. ಬಿಸಿ ನೀರಿನಲ್ಲಿ ಬೆರಳು ಆಡಿಸುವುದು, ವ್ಯಾಯಾಮದ ಮೆತ್ತನೆಯ ಮುದ್ದೆ (ಪುಟ್ಟಿ) ಹಿಸುಕುವುದು, ರಬ್ಬರ್ ಬ್ಯಾಂಡ್ ಹಾಕಿ ಬೆರಳು ಬಿಡಿಸುವುದು. ಅನಂತರ 20 ಮಿಲಿಮೀಟರ್ ಅಂಚಿರುವ ಮರದ ತುಂಡಿಗೆ ಹಗ್ಗದಿಂದ ತೂಕ ಕಟ್ಟಿ, ತೆರೆದ ಕೈಯಲ್ಲಿ ನೆಲದಿಂದ ಎತ್ತುವುದು. ಒಂದು ಎರಡು ಕಿಲೋ ಸಾಕು, ಆಮೇಲೆ ಏರಿಸಬಹುದು. ಹತ್ತರಲ್ಲಿ ಎರಡರಷ್ಟು ನೋವು ಬಂದರೆ ತೊಂದರೆಯಿಲ್ಲ. ಮಾರನೆಯ ಬೆಳಿಗ್ಗೆ ಹೆಚ್ಚಾಗಿದ್ದರೆ ಹಿಂದಿನ ದಿನದ ಭಾರ ಅತಿಯಾಯಿತು ಎಂದು ತಿಳಿಯಿರಿ.

ಇನ್ನೊಂದು ವಿಷಯ. ಬೆರಳು ಎಳೆದು ‘ಕೂರಿಸುವವರ’ ಬಳಿ ಹೋಗಬೇಡಿ. ಇಲ್ಲಿ ಕೂರಿಸಲು ತಪ್ಪಿದ ಕೀಲು ಯಾವುದೂ ಇಲ್ಲ. ಅಜ್ಜಿ ಎಳ್ಳೆಣ್ಣೆ ಬಿಸಿ ಮಾಡಿ ಹಗುರವಾಗಿ ಸವರಿದರೆ ಬೇಡವೆನ್ನುವುದಿಲ್ಲ. ನೋಯುವ ಜಾಗವನ್ನು ಹೆಬ್ಬೆರಳಿಟ್ಟು ತಿಕ್ಕುವುದು ಬೇಡ.

ಮಡಗಾಂವ್ ಮುರಕಲ್ಲು (ನವೆಂಬರ್ 24, ಬೆಳಿಗ್ಗೆ 11.10)

ಗೋವೆಯಿಂದ ಬರೆಯುತ್ತಿದ್ದೇನೆ, ಮೂಲ ಊರು ಕಾರವಾರ. ನಮ್ಮಲ್ಲಿ ಕಡಲಂಚಿನ ಮುರಕಲ್ಲು ಚರ್ಮವನ್ನು ಮೊದಲು ಕಿತ್ತುಹಾಕುತ್ತದೆ. ಬೆರಳ ಒಳಗೆ ಪೆಟ್ಟಾಗುವ ಮೊದಲೇ ತುದಿ ಹರಿದು ಮನೆಗೆ ಹೋಗುತ್ತೇವೆ. ಪುಣೆ, ಮುಂಬೈ ಕಡೆಯ ಕರಿಕಲ್ಲಿನ ಬೆಸಾಲ್ಟ್ ನಯವಾದದ್ದು, ಅದರಲ್ಲಿ ಸಿಗುವ ಹಿಡಿಗಳು ಹೆಚ್ಚಾಗಿ ಸಣ್ಣ ಅಂಚುಗಳೇ. ನಮ್ಮ ಗುಂಪಿನವರಲ್ಲಿ ಕ್ರಿಂಪ್ ಗಾಯ ಮಾಡಿಕೊಂಡು ಬಂದವರೆಲ್ಲ ಆ ಕಡೆಯಿಂದಲೇ ತಂದದ್ದು. ಹಂಪಿಯ ಗ್ರಾನೈಟ್‌ನಲ್ಲಿ ಒರಟು ಹರಳುಗಳಿವೆ, ಅಂಗೈ ಒತ್ತಿ ನಿಲ್ಲುವ ದುಂಡು ಇಳಿಜಾರುಗಳೂ ಇವೆ. ಗಾಯದ ಬೆರಳಿನವರಿಗೆ ಅಲ್ಲಿ ಆಯ್ಕೆ ಹೆಚ್ಚು. ಗೆಳೆಯರು ಸಣ್ಣ ಅಂಚಿನ ಬಂಡೆಗೆ ಹೋದಾಗ ನೀವು ಇಳಿಜಾರು ಬಂಡೆ ಹುಡುಕಿ.

ವಾಶಿಯ ತಾಯಿ (ನವೆಂಬರ್ 24, ರಾತ್ರಿ 8.45)

ವಿಷಯಾಂತರಕ್ಕೆ ಕ್ಷಮೆ ಇರಲಿ. ನನ್ನ ಮಗನಿಗೆ 14 ವರ್ಷ. ವಾರಕ್ಕೆ ನಾಲ್ಕು ದಿನ ಒಳಾಂಗಣ ಗೋಡೆ ಹತ್ತುತ್ತಾನೆ. ಒಂದು ತಿಂಗಳಿಂದ ಮಧ್ಯದ ಬೆರಳಿನ ನಡುಗೆಣ್ಣಿನ ಮೇಲ್ಭಾಗದಲ್ಲಿ ನೋವು ಎನ್ನುತ್ತಾನೆ. ಯಾವ ಸದ್ದೂ ಬಂದಿಲ್ಲ, ಪೆಟ್ಟೂ ಬಿದ್ದಿಲ್ಲ. ತರಬೇತುದಾರರು ಟೇಪ್ ಸುತ್ತಿ ಮುಂದುವರಿಸು ಎಂದರಂತೆ. ಇದೂ ಪುಲ್ಲಿಯೇ?

ಕೈ ಚಿಕಿತ್ಸಕಿ, ಠಾಣೆ (ನವೆಂಬರ್ 24, ರಾತ್ರಿ 9.00)

ತಾಯಿ, ನಾಳೆಯಿಂದಲೇ ಹತ್ತುವುದನ್ನು ನಿಲ್ಲಿಸಿ, ಕೈಯ ವೈದ್ಯರಿಗೆ ತೋರಿಸಿ, ಎಕ್ಸ್-ರೇ ತೆಗೆಸಿ. ಬೆಳೆಯುವ ಮಕ್ಕಳಲ್ಲಿ ಪುಲ್ಲಿಗಿಂತ ಮೊದಲು ಸೋಲುವುದು ಮೂಳೆಯ ಬೆಳವಣಿಗೆಯ ಫಲಕ, ಅಂದರೆ ಮೂಳೆ ಉದ್ದವಾಗುವ ಜಾಗದ ಮೆತ್ತನೆಯ ಪದರ. ಮಧ್ಯದ ಬೆರಳು, ನಡುಗೆಣ್ಣು, ಮೇಲ್ಭಾಗ, ಮೆಲ್ಲನೆ ಏರಿದ ನೋವು, ಇದು ಅಲ್ಲಿನ ಬಿರುಕಿನ ಲಕ್ಷಣವಾಗಿರಬಹುದು. ಎಕ್ಸ್-ರೇಯಲ್ಲಿ ಕಾಣದಿದ್ದರೂ ನೋವು ಉಳಿದಿದ್ದರೆ ಎಂಆರ್‌ಐ ಕೇಳಿ. ಬೇಗ ಹಿಡಿದರೆ ವಿಶ್ರಾಂತಿಯಿಂದಲೇ ಕೂಡಿಕೊಳ್ಳುತ್ತದೆ. ಮುಂದುವರಿಸಿದರೆ ಬೆರಳು ಸೊಟ್ಟಗೆ ಬೆಳೆಯಬಹುದು. ಈ ವಯಸ್ಸಿಗೆ ಕ್ಯಾಂಪಸ್ ಬೋರ್ಡ್ (ಕಾಲಿಡದೆ ಕೈಗಳಿಂದಲೇ ಹತ್ತುವ ಹಲಗೆ) ಕೂಡದು, ಹೆಬ್ಬೆರಳನ್ನೂ ಮೇಲೊತ್ತಿ ಹಿಡಿಯುವ ಪೂರ್ಣ ಕ್ರಿಂಪ್ ಕೂಡದು. ಟೇಪ್ ಇದಕ್ಕೆ ಮದ್ದಲ್ಲ.

ಅದೇ ಗುಂಪಿನವನು, ಪುಣೆ (ನವೆಂಬರ್ 25, ರಾತ್ರಿ 11.30)

ಈ ಚರ್ಚೆಯನ್ನು ಯಾರೋ ಕಳಿಸಿದರು. ಮೂರು ಸಲ ಬೀಳಿಸಿದ ಬಂಡೆ, ಶೇಂಗಾ ಚಟ್ನಿ, 24ರ ಟಿಕೆಟ್ ಎಂದು ಓದುತ್ತಾ ಹೋದಂತೆ ಕೈ ತಣ್ಣಗಾಯಿತು. ಅವತ್ತು ಬೇಲಾಪುರದಲ್ಲಿ ನಿನ್ನ ಹಿಂದೆ ಕೈಚಾಚಿ ನಿಂತಿದ್ದವನು ನಾನು.

ನಿನಗೆ ನಾನೂ ಒಂದು ಮಾತು ಹೇಳಬೇಕು. ಆ ಸದ್ದು ನನಗೂ ಕೇಳಿಸಿತ್ತು. ಕಲ್ಲೇ ಚೂರು ಒಡೆದಿರಬೇಕು ಎಂದುಕೊಂಡೆ, ಅಥವಾ ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ನೀನು ಟೇಪ್ ಸುತ್ತಿಕೊಳ್ಳುವಾಗ ಮುಖ ಬಿಳಿಚಿದ್ದನ್ನು ನೋಡಿದೆ. ನೋಡಿಯೂ ‘ಬಾ, ಇನ್ನೊಂದು ಸಲ’ ಎಂದವನು ನಾನೇ. ಆ ಮಾತು ಈ ನಾಲ್ಕು ದಿನದ ಚರ್ಚೆಯಲ್ಲಿ ನೀನು ಎಲ್ಲಿಯೂ ಬರೆದಿಲ್ಲ. ನನ್ನನ್ನು ಉಳಿಸಲೆಂದೇ ಬರೆದಿಲ್ಲ ಎಂದು ಗೊತ್ತಿದೆ.

ಹಿಂದೆ ನಿಂತವನ ಕೆಲಸ ಬೀಳುವವನ ತಲೆ, ಬೆನ್ನು ಕಾಯುವುದು ಎಂದೇ ಕಲಿತಿದ್ದೆ. ಬೆರಳು ನನ್ನ ಲೆಕ್ಕದಲ್ಲಿರಲಿಲ್ಲ. ನಾಳೆ ಬೆಳಿಗ್ಗೆ ನಿನ್ನ ಮನೆಗೆ ಬರುತ್ತೇನೆ, ಸ್ಕ್ಯಾನ್‌ಗೆ ಬೈಕ್ ನಾನು ಓಡಿಸುತ್ತೇನೆ. ನೀನು ಕ್ಲಚ್ ಮುಟ್ಟಬೇಡ.

ಧಾರವಾಡದವನು, ಪುಣೆ (ನವೆಂಬರ್ 28, ರಾತ್ರಿ 9.10)

ಅವನು ಏಳು ಗಂಟೆಗೇ ಬಂದು ಕೆಳಗೆ ನಿಂತಿದ್ದ. ಹೆಚ್ಚು ಮಾತಾಡಲಿಲ್ಲ, ಮಾತಾಡಬೇಕಾದದ್ದನ್ನು ಇಲ್ಲಿಯೇ ಬರೆದಾಗಿತ್ತು.

ಸ್ಕ್ಯಾನ್ ಆಯಿತು. ಎ2 ಭಾಗಶಃ ಹರಿದಿದೆ, ಎ4 ಸರಿಯಾಗಿದೆ, ರಜ್ಜು ಮೂಳೆಯಿಂದ ಹೆಚ್ಚು ಎದ್ದಿಲ್ಲ. ಶಸ್ತ್ರಚಿಕಿತ್ಸೆ ಬೇಡ. ಅಳತೆ ತೆಗೆದು ಪ್ಲಾಸ್ಟಿಕ್ ಉಂಗುರ ಮಾಡಿಕೊಟ್ಟಿದ್ದಾರೆ, ಹಗಲೆಲ್ಲ ತೊಡಬೇಕು. ಠಾಣೆಯ ಮೇಡಂ ಹೇಳಿದ ವ್ಯಾಯಾಮಗಳನ್ನೇ ವೈದ್ಯರೂ ಬರೆದುಕೊಟ್ಟರು. ಗುಂಪಿನ ಎಲ್ಲರಿಗೂ ತಿಳಿಸಿದೆ. ಪ್ರಯಾಣ ರದ್ದಿಲ್ಲ. ಆದರೆ ನನ್ನ ಹತ್ತುವ ಶೂಗಳು ಅವನ ಮನೆಯಲ್ಲಿವೆ. ಚಿಂಚವಡದವರು ಬರೆದದ್ದನ್ನು ಓದಿ ನಾನೇ ಕೊಟ್ಟು ಬಂದೆ.

ಚಿಂಚವಡದ ಓದುಗ (ನವೆಂಬರ್ 28, ರಾತ್ರಿ 9.40)

ಶೂ ಕೊಟ್ಟದ್ದು ಕೇಳಿ ಸಮಾಧಾನವಾಯಿತು. ಹೋಗಿ ಬನ್ನಿ. ಒಂದು ಪ್ರಶ್ನೆ ಎಲ್ಲರಿಗೂ: ಮುಂದೆ ಹತ್ತಲು ಶುರುಮಾಡಿದಾಗ ಟೇಪ್ ಹೇಗೆ ಸುತ್ತಬೇಕು? ನಾನು ಬುಡಕ್ಕೆ ಬಿಗಿಯಾಗಿ ಬಳೆಯಂತೆ ಸುತ್ತುತ್ತಿದ್ದೆ.

ಡೊಂಬಿವಲಿ ಅಕ್ಕ (ನವೆಂಬರ್ 29, ಬೆಳಿಗ್ಗೆ 6.50)

ಬಳೆಯಂತೆ ಸುತ್ತಿದರೆ ರಕ್ತ ಕಟ್ಟುತ್ತದೆ, ಪ್ರಯೋಜನ ಕಡಿಮೆ. ‘ಎಚ್’ ಆಕಾರದ ಟೇಪ್ ಕಲಿಯಿರಿ. ಒಂದೂವರೆ ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದದ ಪಟ್ಟಿ. ಎರಡೂ ತುದಿಯಿಂದ ಉದ್ದಕ್ಕೆ ಸೀಳಿ, ನಡುವೆ ಒಂದು ಸೆಂಟಿಮೀಟರ್ ಸೀಳದೆ ಬಿಡಿ. ಆ ನಡುಭಾಗ ನಡುಗೆಣ್ಣಿನ ಅಂಗೈ ಬದಿಗೆ ಬರಬೇಕು. ಬುಡದ ಕಡೆಯ ಎರಡು ಎಳೆಗಳನ್ನು ಮೊದಲು ಗೆಣ್ಣಿನ ಕೆಳಗೆ ಸುತ್ತಿ. ಬೆರಳನ್ನು ಅರ್ಧ ಮಡಿಸಿ, ಉಳಿದ ಎರಡನ್ನು ಗೆಣ್ಣಿನ ಆಚೆ, ತುದಿಯ ಕಡೆಗೆ, ಬಿಗಿಯಾಗಿ ಸುತ್ತಿ. ಇದು ಗಾಯದಿಂದ ಹಿಂದಿರುಗುತ್ತಿರುವ ಬೆರಳಿಗೆ. ಗಟ್ಟಿಮುಟ್ಟಾದ ಬೆರಳಿಗೆ ಟೇಪ್ ಸುತ್ತಿ ಧೈರ್ಯ ತಂದುಕೊಳ್ಳಬೇಡಿ.

ವಾಶಿಯ ತಾಯಿ (ಡಿಸೆಂಬರ್ 6, ಸಂಜೆ 5.20)

ಎಕ್ಸ್-ರೇಯಲ್ಲಿಯೇ ಕಂಡಿತು, ಬೆಳವಣಿಗೆಯ ಫಲಕದಲ್ಲಿ ಸಣ್ಣ ಬಿರುಕು. ಮೂಳೆ ಸರಿದಿಲ್ಲ. ಮಗ ಎರಡು ದಿನ ಅತ್ತ. ಈಗ ಗೋಡೆಯ ಕೆಳಗೆ ಕುಳಿತು ಚಿಕ್ಕ ಮಕ್ಕಳಿಗೆ ಕಾಲಿಡುವ ಜಾಗ ತೋರಿಸುತ್ತಿದ್ದಾನೆ. ಠಾಣೆಯ ಮೇಡಂ, ನಿಮ್ಮ ಉತ್ತರ ಹದಿನೈದು ನಿಮಿಷದಲ್ಲಿ ಬಂದಿತ್ತು. ಮರೆಯುವುದಿಲ್ಲ.

ಧಾರವಾಡದವನು, ಪುಣೆ (ಜನವರಿ 3, ರಾತ್ರಿ 10.15)

ಹಂಪಿಯಿಂದ ಬಂದು ನಾಲ್ಕು ದಿನವಾಯಿತು. ಬೆರಳಿನ ಸುದ್ದಿ ಮೊದಲು: ಮುಷ್ಟಿ ಪೂರ್ತಿ ಕಟ್ಟಬಲ್ಲೆ, ಮರದ ತುಂಡಿನಲ್ಲಿ ಎಂಟು ಕಿಲೋ ಎತ್ತುತ್ತಿದ್ದೇನೆ, ಬೆಳಗಿನ ಬಿಗಿತ ಹೋಗಿದೆ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಒಂದು ದಿನವೂ ತಪ್ಪಿಸಿಲ್ಲ.

ನಾವು ಉಳಿದದ್ದು ತುಂಗಭದ್ರೆಯ ಉತ್ತರ ದಡದ ಸಾಣಾಪುರದ ಕಡೆ. ಸ್ಮಾರಕಗಳಿರುವ ಕಡೆ ಬಂಡೆ ಹತ್ತಬಾರದು, ಹತ್ತಲೂ ಇಲ್ಲ. ಮೊದಲ ಬೆಳಿಗ್ಗೆ ಕಷ್ಟವಾಯಿತು. ಐವರು ಪ್ಯಾಡ್ ಹೊತ್ತು ಹೊರಟಾಗ ಬರಿಗೈಯಲ್ಲಿ ಹಿಂದೆ ನಡೆದೆ. ಗದ್ದೆಯಂಚಿನಲ್ಲಿ ಮುಖ ತಿರುಗಿಸಿಕೊಂಡೆ, ಅವರಿಗೆ ಕಾಣದಿರಲೆಂದು. ಆಮೇಲೆ ಒಬ್ಬೊಬ್ಬರ ಹಿಂದೆಯೂ ನಾನೇ ನಿಂತೆ. ಗಡಿಯಾರ ನನ್ನ ಕೈಯಲ್ಲಿತ್ತು: ಮೊದಲ ಅರ್ಧ ಗಂಟೆ ಸುಲಭದ ಬಂಡೆಗಳು ಮಾತ್ರ, ಎರಡು ಪ್ರಯತ್ನಗಳ ನಡುವೆ ಐದು ನಿಮಿಷ. ಮೊದಲ ದಿನ ಗೊಣಗಿದರು. ಮೂರನೆಯ ದಿನ ಸಂಜೆಯೂ ಎಲ್ಲರ ಬೆರಳಲ್ಲಿ ಬಲ ಉಳಿದಿತ್ತು, ಆಗ ಅವರೇ ‘ಸಮಯವಾಯಿತೇ’ ಎಂದು ಕೇಳತೊಡಗಿದರು.

ಕೊನೆಯ ದಿನ ಅವನು ನನ್ನ ಶೂಗಳನ್ನು ಚೀಲದಿಂದ ತೆಗೆದು ಮುಂದಿಟ್ಟ. ಬೇಡ ಎಂದೆ. ‘ಕೈ ಬೇಡ, ಕಾಲು ಮಾತ್ರ’ ಎಂದು ಒಂದು ಇಳಿಜಾರು ಬಂಡೆ ತೋರಿಸಿದ. ಆಳೆತ್ತರಕ್ಕಿಂತ ತುಸು ಹೆಚ್ಚು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹತ್ತಬೇಕು. ಕೆಳಗೆ ಎರಡು ಪ್ಯಾಡ್ ಹಾಸಿದರು. ಹನ್ನೊಂದು ಸಲ ಜಾರಿದೆ. ನಾನು ಜಾರಿದಾಗಲೆಲ್ಲ ಅವನು ಗಡಿಯಾರ ನೋಡಿ ಐದು ನಿಮಿಷ ಕೂರಿಸಿದ. ಹನ್ನೆರಡನೆಯ ಸಲ ಕಾಲಿನ ಹೆಬ್ಬೆರಳಿನ ಮೇಲೆ ಭಾರ ಕೂತಿತು. ಮೇಲೆ ತಲುಪಿದೆ. ಅಲ್ಲಿಂದ ಸಾಣಾಪುರದ ಕೆರೆ ಕಾಣುತ್ತಿತ್ತು. ಕೆಳಗಿನಿಂದ ಐವರೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಬ್ಬೊಬ್ಬರಾಗಿ ಹತ್ತಿ ಬರಲು ತೊಡಗಿದರು.